ಸ್ಯಾನ್ ಹೊಸೆಯಲ್ಲಿ ಹುಟ್ಟಿದ ಮಗನ ಬರ್ತ್ ಸರ್ಟಿಫಿಕೇಟ್ ಬೆಂಗಳೂರಿನಲ್ಲಿ ಕೂತು ತರಿಸೋದು ಹೇಗೆ?

ವೈಟ್‌ಫೀಲ್ಡ್_ಅಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮ ಮಗ 2012ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಒಂದು ಆಸ್ಪತ್ರೆಯಲ್ಲಿ ಹುಟ್ಟಿದ. ಆಗ ನಮ್ಮ ಮನೆ ಫ್ರೀಮಾಂಟ್‌ನಲ್ಲಿತ್ತು. 2017ರಲ್ಲಿ ಬೆಂಗಳೂರಿಗೆ ವಾಪಸ್ ಬಂದೆವು. ಈಗ ಅವನ ಅಮೆರಿಕನ್ ಪಾಸ್‌ಪೋರ್ಟ್ ಅವಧಿ ಮುಗಿಯುತ್ತಾ ಬಂದಿದೆ. ಚೆನ್ನೈ ಕಾನ್ಸುಲೇಟ್‌ನ ಪಟ್ಟಿ ನೋಡಿದರೆ ತಂದೆ ತಾಯಿ ಹೆಸರಿರುವ ಒರಿಜಿನಲ್ ಬರ್ತ್ ಸರ್ಟಿಫಿಕೇಟ್ ತನ್ನಿ ಅಂತಿದೆ. ಮನೆ ಬದಲಾಯಿಸುವಾಗ ಅದು ಎಲ್ಲಿ ಹೋಯ್ತೋ ಗೊತ್ತಿಲ್ಲ. ಉಳಿದಿರೋದು ಒಂದು ಮಸುಕಾದ ಜೆರಾಕ್ಸ್, ಮತ್ತೆ ಆಸ್ಪತ್ರೆಯವರು ಮಗುವಿನ ಪಾದದ ಗುರುತು ಒತ್ತಿ ಚೆಂದದ ಅಂಚು ಹಾಕಿ ಕೊಟ್ಟ ಕಾಗದ.

ನನ್ನ ಪ್ರಶ್ನೆ ಇಷ್ಟೇ. ಕೇಳಬೇಕಾದದ್ದು ಮನೆಯಿದ್ದ ಅಲಮೀಡಾ ಕೌಂಟಿಯನ್ನೋ (ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ), ಆಸ್ಪತ್ರೆಯಿರುವ ಸಾಂಟಾ ಕ್ಲಾರಾ ಕೌಂಟಿಯನ್ನೋ? ಸನ್ನಿವೇಲ್‌ನಲ್ಲಿ ಒಬ್ಬ ಸ್ನೇಹಿತ ಇದ್ದಾನೆ, ಹೋಗಿ ತರ್ತೀನಿ ಅಂತಿದ್ದಾನೆ. ಅವನ ಕೈಗೆ ಕೊಡ್ತಾರಾ?

ಸೌತ್‌ಬೇ_ಶಾರದಾ

ಸಾಂಟಾ ಕ್ಲಾರಾ. ಮನೆ ಎಲ್ಲಿತ್ತು ಅನ್ನೋದು ಲೆಕ್ಕಕ್ಕಿಲ್ಲ, ಹೆರಿಗೆ ಎಲ್ಲಾಯ್ತು ಅನ್ನೋದೇ ಲೆಕ್ಕ. ನಮ್ಮೂರಲ್ಲೂ ಹಾಗೇ ಅಲ್ವಾ, ಗಂಡನ ಮನೆ ಬೆಂಗಳೂರಾದರೂ ಬಾಣಂತನಕ್ಕೆ ತವರು ದಾವಣಗೆರೆಗೆ ಹೋಗಿ ಅಲ್ಲಿ ಹೆರಿಗೆಯಾದರೆ ದಾಖಲಾಗೋದು ದಾವಣಗೆರೆಯಲ್ಲೇ.

ಇನ್ನೊಂದು ವಿಷಯ. ಈ ಕೌಂಟಿಯಲ್ಲಿ ಈ ವರ್ಷ ಮತ್ತು ಹಿಂದಿನ ವರ್ಷ ಹುಟ್ಟಿದ ಮಕ್ಕಳ ದಾಖಲೆ ಸಾರ್ವಜನಿಕ ಆರೋಗ್ಯ ಇಲಾಖೆಯಲ್ಲಿರುತ್ತೆ. ಅದಕ್ಕಿಂತ ಹಳೆಯದು ಕ್ಲರ್ಕ್-ರೆಕಾರ್ಡರ್ ಕಚೇರಿಗೆ ಹೋಗುತ್ತೆ. ನಿಮ್ಮದು 2012, ಹಾಗಾಗಿ ಕ್ಲರ್ಕ್-ರೆಕಾರ್ಡರ್. ಆಸ್ತಿ ಪತ್ರ ನೋಂದಾಯಿಸೋ ಕಚೇರಿಯೇ ಅದು.

ಸ್ನೇಹಿತನ ವಿಷಯಕ್ಕೆ ಬಂದರೆ, ಕೊಡೋದಿಲ್ಲ. ಕೊಟ್ಟರೂ ಬೇರೆ ಥರದ ಪ್ರತಿ ಕೊಡ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಎರಡು ಬಗೆ ಇದೆ. ಒಂದು ಆಥರೈಸ್ಡ್ ಪ್ರತಿ, ಇನ್ನೊಂದು ಇನ್ಫರ್ಮೇಷನಲ್ ಪ್ರತಿ. ಎರಡರಲ್ಲೂ ಮಾಹಿತಿ ಹೆಚ್ಚುಕಡಿಮೆ ಒಂದೇ. ಆದರೆ ಎರಡನೆಯದರ ಮೇಲೆ 'ಇದು ಗುರುತು ಸಾಬೀತು ಮಾಡಲು ನಡೆಯುವ ದಾಖಲೆ ಅಲ್ಲ' ಅಂತ ಅಚ್ಚು ಹಾಕಿರ್ತಾರೆ. ಸ್ನೇಹಿತನಿಗೆ ಸಿಗೋದು ಅದು. ಕಾನ್ಸುಲೇಟ್‌ನಲ್ಲಿ ಅದು ಕೆಲಸಕ್ಕೆ ಬರೋಲ್ಲ.

ಆ ಪಾದದ ಗುರುತಿನ ಕಾಗದ ಆಲ್ಬಂಗೆ ಹಾಕಿ ಇಟ್ಕೊಳ್ಳಿ. ಸರ್ಕಾರಿ ಕೆಲಸಕ್ಕೆ ಅದರ ಬೆಲೆ ಸೊನ್ನೆ.

ವೈಟ್‌ಫೀಲ್ಡ್_ಅಪ್ಪ

ಥ್ಯಾಂಕ್ಸ್ ಶಾರದಾ ಮೇಡಂ. ಹಾಗಾದರೆ ನಾನೇ ಅಂಚೆಯಲ್ಲಿ ಅರ್ಜಿ ಹಾಕಬೇಕು. ಫಾರಂ ಜೊತೆ 'ಸ್ವೋರ್ನ್ ಸ್ಟೇಟ್‌ಮೆಂಟ್' ಅಂತ ಪ್ರಮಾಣ ಮಾಡಿ ಸಹಿ ಹಾಕೋ ಒಂದು ಹಾಳೆ ಇದೆ, ಅದಕ್ಕೆ ನೋಟರಿ ಬೇಕಂತೆ. ನಮ್ಮ ಕೋರ್ಟ್ ಎದುರು ಕೂತಿರೋ ನೋಟರಿ ಹತ್ರ ಸೀಲ್ ಹಾಕಿಸಿದರೆ ಸಾಕಾ?

ಕಾಗದಪತ್ರ

ಸಾರ್, ಬೆಂಗಳೂರು ನೋಟರಿಯ ಸೀಲ್ ಸ್ಯಾನ್ ಹೊಸೆ ಕ್ಲರ್ಕ್‌ಗೆ ಅರ್ಥವಾಗೋದಿಲ್ಲ. ಅದಕ್ಕೆ ಇಲ್ಲಿ ಅಪಾಸ್ಟಿಲ್ ಬೇರೆ ಮಾಡಿಸಬೇಕಾಗುತ್ತೆ. ಒಂದು ಫಾರಂಗೆ ಅಷ್ಟು ಓಡಾಟ ಯಾಕೆ? ನಿಮಗಿರುವ ದಾರಿಗಳು ಹೀಗಿವೆ.

ಚೆನ್ನೈ ಅಮೆರಿಕನ್ ಕಾನ್ಸುಲೇಟ್‌ನಲ್ಲೇ ನೋಟರಿ ಸೇವೆ ಉಂಟು. ಒಂದೊಂದು ಸೀಲ್‌ಗೆ 50 ಡಾಲರ್. ಅಪಾಯಿಂಟ್‌ಮೆಂಟ್ ತಗೊಂಡು ಹೋಗಿ, ಅವರ ಮುಂದೆಯೇ ಸಹಿ ಮಾಡಬೇಕು. ಮನೆಯಲ್ಲೇ ಸಹಿ ಮಾಡ್ಕೊಂಡು ಹೋದರೆ ಮತ್ತೆ ಹೊಸ ಫಾರಂ. ಅಮೆರಿಕನ್ ಪ್ರಜೆಯೇ ಆಗಿರಬೇಕಿಲ್ಲ, ಅಮೆರಿಕದಲ್ಲಿ ಬಳಸುವ ಕಾಗದ ಆದರೆ ಆಯ್ತು. ತಮಾಷೆ ಅಂದರೆ, ಪಾಸ್‌ಪೋರ್ಟ್‌ಗೆ ಹೇಗಿದ್ರೂ ಚೆನ್ನೈಗೆ ಹೋಗಲೇಬೇಕು, ಆದರೆ ಆ ಸರ್ಟಿಫಿಕೇಟ್‌ಗಾಗಿ ಅದಕ್ಕೂ ಮೊದಲೇ ಒಂದು ಸಲ ಹೋಗಬೇಕು.

ಎರಡನೆಯದು ವಿಡಿಯೋ ನೋಟರಿ, ಅಂದರೆ ವಿಡಿಯೋ ಕಾಲ್‌ನಲ್ಲೇ ಸಹಿ ನೋಡಿ ದೃಢೀಕರಿಸೋದು. ಕ್ಯಾಲಿಫೋರ್ನಿಯಾ ನೋಟರಿಗಳು ಇನ್ನೂ ಇದನ್ನು ಮಾಡೋದಿಲ್ಲ, ವರ್ಜೀನಿಯಾದಂಥ ರಾಜ್ಯದವರು ಮಾಡ್ತಾರೆ. ಬಹಳ ಕಡೆ ನಿಮ್ಮ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳಿ, ಹಳೆಯ ವಿಳಾಸ, ಕಾರ್ ಲೋನ್ ಬಗ್ಗೆ ನಾಲ್ಕು ಪ್ರಶ್ನೆ ಕೇಳ್ತಾರೆ. ಅಮೆರಿಕ ಬಿಟ್ಟು ಎಷ್ಟೋ ವರ್ಷ ಆದವರು ಆ ಪ್ರಶ್ನೆಯಲ್ಲೇ ಫೇಲ್ ಆಗ್ತಾರೆ. ಅರ್ಜಿ ಹಾಕುವ ಮೊದಲು ಇಂಥ ನೋಟರಿ ಒಪ್ತೀರಾ ಅಂತ ಕೌಂಟಿಗೆ ಮೇಲ್ ಮಾಡಿ ಕೇಳಿ.

ಬಸವನಗುಡಿ_ಬಾಯ್

ಇಷ್ಟೆಲ್ಲ ಯಾಕ್ರೀ? ಗೂಗಲ್‌ನಲ್ಲಿ ಹುಡುಕಿದರೆ ಬರ್ತ್ ಸರ್ಟಿಫಿಕೇಟ್ ತರಿಸಿಕೊಡೋ ಸೈಟ್ ರಾಶಿ ಇವೆ. ಕಾರ್ಡ್ ನಂಬರ್ ಹಾಕಿ, ಮನೆಗೆ ಬರುತ್ತೆ.

ಸೌತ್‌ಬೇ_ಶಾರದಾ

ದಯವಿಟ್ಟು ಹಾಗೆ ಮಾಡಬೇಡಿ. ಹುಡುಕಿದಾಗ ಮೇಲೆ ಬರೋದು ಬಹುಪಾಲು ಜಾಹೀರಾತು. ಹದ್ದಿನ ಚಿತ್ರ, ಬಾವುಟ, ಎಲ್ಲ ಸರ್ಕಾರಿ ಥರಾನೇ ಇರುತ್ತೆ. ದುಡ್ಡು ತಗೊಂಡು ಅದೇ ಫಾರಂ ತುಂಬಿ ನಿಮಗೇ ಪಿಡಿಎಫ್ ಕಳಿಸ್ತಾರೆ, ನೋಟರಿ ಮಾಡಿಸಿ ನೀವೇ ಪೋಸ್ಟ್ ಮಾಡಿ ಅಂತ. ಮಗುವಿನ ಹೆಸರು, ಹುಟ್ಟಿದ ದಿನ, ತಾಯಿಯ ತವರಿನ ಹೆಸರು ಎಲ್ಲ ಅವರ ಕೈಗೆ ಹೋದಂತಾಯ್ತು. ಮೊದಲು ಕೌಂಟಿಯ ಸ್ವಂತ ವೆಬ್‌ಸೈಟಿಗೆ ಹೋಗಿ. ಬಹಳಷ್ಟು ಕೌಂಟಿಗಳು ವೈಟಲ್‌ಚೆಕ್ ಅನ್ನೋ ಖಾಸಗಿ ಸೇವೆಯ ಮೂಲಕ ಆನ್‌ಲೈನ್ ಅರ್ಜಿ ತಗೊಳ್ತವೆ. ಕೌಂಟಿಯ ಪುಟದಿಂದಲೇ ಆ ಲಿಂಕ್ ಹಿಡಿದು ಹೋಗಿ. ಅಲ್ಲಿ ಸ್ವಲ್ಪ ಜಾಸ್ತಿ ಶುಲ್ಕ ಬೀಳುತ್ತೆ, ಅಷ್ಟೇ.

ಎಡಿಸನ್_ಗೌಡ

ಸ್ವಲ್ಪ ಪೂರ್ವ ಕರಾವಳಿ ಕಥೆಯನ್ನೂ ಸೇರಿಸ್ತೀನಿ, ಇದನ್ನು ಓದೋರು ಎಲ್ಲರೂ ಕ್ಯಾಲಿಫೋರ್ನಿಯಾದವರಲ್ಲ. ನ್ಯೂಜೆರ್ಸಿಯಲ್ಲಿ ಕೌಂಟಿ ಕಚೇರಿಗೆ ಹೋದರೆ ಏನೂ ಸಿಗೋದಿಲ್ಲ. ಇಲ್ಲಿ ಆಸ್ಪತ್ರೆ ಯಾವ ಊರಿನ ಹದ್ದಿನಲ್ಲಿದೆಯೋ ಆ ಊರಿನ ಲೋಕಲ್ ರಿಜಿಸ್ಟ್ರಾರ್ ಹತ್ತಿರ ಹೋಗಬೇಕು, ಇಲ್ಲಾಂದ್ರೆ ಟ್ರೆಂಟನ್‌ನ ರಾಜ್ಯ ಕಚೇರಿಗೆ ಬರೆಯಬೇಕು. ಎಡಿಸನ್‌ನಲ್ಲಿ ಮನೆ ಇರುವ ಎಷ್ಟೋ ಜನರಿಗೆ ಹೆರಿಗೆ ಆಗೋದು ನ್ಯೂ ಬ್ರನ್ಸ್‌ವಿಕ್‌ನಲ್ಲಿ. ಅವರು ಎಡಿಸನ್ ಟೌನ್‌ಶಿಪ್ ಕಚೇರಿಯಲ್ಲಿ ಸಾಲಿನಲ್ಲಿ ನಿಂತು ವಾಪಸ್ ಬರ್ತಾರೆ.

ಮ್ಯಾಸಚೂಸೆಟ್ಸ್ ಕಡೆಯೂ ಹೀಗೇ, ಅಲ್ಲಿ ಸಿಟಿ ಅಥವಾ ಟೌನ್ ಕ್ಲರ್ಕ್. ನ್ಯೂ ಇಂಗ್ಲೆಂಡ್ ಅನ್ನೋ ಆ ಈಶಾನ್ಯ ಭಾಗದ ಬಹಳ ಕಡೆ ಕೌಂಟಿ ಅನ್ನೋದು ಹೆಸರಿಗೆ ಮಾತ್ರ.

ಕ್ವೀನ್ಸ್_ಕನ್ನಡಿಗ

ನ್ಯೂಯಾರ್ಕ್ ಸಿಟಿ ಇದಕ್ಕೆಲ್ಲ ಹೊರತು. ರಾಜ್ಯದ ಲೆಕ್ಕವೇ ಬೇರೆ, ನಗರದ ಲೆಕ್ಕವೇ ಬೇರೆ. ನಗರದ ಐದು ಬರೋಗಳಲ್ಲಿ, ಅಂದರೆ ಐದು ಭಾಗಗಳಲ್ಲಿ, ಹುಟ್ಟಿದವರಿಗೆಲ್ಲ ನಗರದ ಆರೋಗ್ಯ ಇಲಾಖೆಯೇ ಕೊಡೋದು, ರಾಜ್ಯದ ರಾಜಧಾನಿ ಆಲ್ಬನಿಗೆ ಬರೆದು ಪ್ರಯೋಜನವಿಲ್ಲ. ಒಂದು ಒಳ್ಳೆಯದು, ಮಗು ಹುಟ್ಟಿದ ಮೇಲೆ ಮೊದಲ ಪ್ರತಿ ಮನೆಗೇ ಉಚಿತವಾಗಿ ಕಳಿಸ್ತಾರೆ.

ಆದರೆ ಅದಕ್ಕೆ ಅಪಾಸ್ಟಿಲ್ ಬೇಕಾದರೆ ಮಾತ್ರ ದೇವರೇ ಗತಿ. ಸರ್ಟಿಫಿಕೇಟ್ ಜೊತೆ 'ಲೆಟರ್ ಆಫ್ ಎಕ್ಸೆಂಪ್ಲಿಫಿಕೇಷನ್' ಅಂತ ಒಂದು ಪತ್ರ ಕೇಳಿ ತಗೋಬೇಕು. ಅದನ್ನು ಹಿಡಿದು ಸೆಂಟರ್ ಸ್ಟ್ರೀಟ್‌ನ 60ನೇ ನಂಬರ್ ಕಟ್ಟಡದಲ್ಲಿರುವ ನ್ಯೂಯಾರ್ಕ್ ಕೌಂಟಿ ಕ್ಲರ್ಕ್ ಹತ್ತಿರ ಹೋಗಿ, ಪತ್ರದ ಸಹಿ ನಿಜ ಅಂತ ಬರೆಸಬೇಕು. ಆಮೇಲೆ ರಾಜ್ಯದ ಕಚೇರಿಯಲ್ಲಿ ಅಪಾಸ್ಟಿಲ್. ನೋಡಿ, ಸರ್ಟಿಫಿಕೇಟ್ ಕೊಡೋಕೆ ಕೌಂಟಿಗೆ ಸಂಬಂಧವೇ ಇಲ್ಲ, ಆದರೆ ಸಹಿ ದೃಢೀಕರಿಸೋಕೆ ಕೌಂಟಿಯೇ ಬೇಕು. ಪತ್ರ ಇಲ್ಲದೆ ಬರೀ ಸರ್ಟಿಫಿಕೇಟ್ ಹಿಡಿದು ಹೋದವರು ಮೊದಲ ಕೌಂಟರ್‌ನಲ್ಲೇ ವಾಪಸ್.

ಹಾಸನ_ಹುಡುಗಿ

ಅಪಾಸ್ಟಿಲ್ ಅಂದರೆ ಏನು ಅಂತ ಯಾರಾದ್ರೂ ಸರಳವಾಗಿ ಹೇಳ್ತೀರಾ? ಎಲ್ಲರೂ ಹೇಳ್ತಿದ್ದೀರಿ, ನನಗೆ ಇನ್ನೂ ಗೊತ್ತಾಗಿಲ್ಲ.

ಕಾಗದಪತ್ರ

ಒಂದು ದೇಶದ ಸರ್ಕಾರಿ ಕಾಗದದ ಮೇಲಿರುವ ಸಹಿ, ಸೀಲ್ ಅಸಲಿ ಅಂತ ಇನ್ನೊಂದು ದೇಶಕ್ಕೆ ಹೇಳುವ ಚೀಟಿ. ಒಳಗೆ ಬರೆದಿರೋದು ನಿಜ ಅಂತ ಅದು ಹೇಳೋದಿಲ್ಲ, ಸಹಿ ಮಾಡಿದವರು ಆ ಅಧಿಕಾರಿಯೇ ಅಂತ ಮಾತ್ರ ಹೇಳುತ್ತೆ. 1961ರ ಹೇಗ್ ಒಪ್ಪಂದದಿಂದ ಬಂದದ್ದು. ಅಮೆರಿಕಕ್ಕೆ 1981ರಿಂದ, ಭಾರತಕ್ಕೆ 2005ರಿಂದ ಅನ್ವಯ. ಬರ್ತ್ ಸರ್ಟಿಫಿಕೇಟ್‌ಗೆ ಅದನ್ನು ಅಂಟಿಸೋದು ಅದು ಹೊರಟ ರಾಜ್ಯದ ಸರ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಸೆಕ್ರೆಟರಿ ಆಫ್ ಸ್ಟೇಟ್, ನ್ಯೂಜೆರ್ಸಿಯಲ್ಲಿ ಖಜಾನೆ ಇಲಾಖೆ.

ಇಲ್ಲಿ ಹೊಸ ಅಪ್ಪ ಅಮ್ಮಂದಿರು ಗಮನಿಸಬೇಕಾದ್ದು ಒಂದಿದೆ. ಶಾರದಾ ಮೇಡಂ ಹೇಳಿದ ಹಾಗೆ, ಕೂಸಿನ ಮೊದಲ ಪ್ರತಿ ಆರೋಗ್ಯ ಇಲಾಖೆಯಿಂದ ಬಂದಿರುತ್ತೆ. ಅದರ ಮೇಲಿರೋದು ಹೆಲ್ತ್ ಆಫೀಸರ್ ಸಹಿ. ಅಪಾಸ್ಟಿಲ್ ಕೊಡೋ ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದವರ ಪಟ್ಟಿಯಲ್ಲಿ ಕೌಂಟಿ ಕ್ಲರ್ಕ್, ರೆಕಾರ್ಡರ್, ರಾಜ್ಯದ ಅಧಿಕಾರಿಗಳ ಸಹಿ ಇರುತ್ತೆ, ಹೆಲ್ತ್ ಆಫೀಸರ್‌ದು ಇರೋದಿಲ್ಲ. ಹಾಗಾಗಿ ಮಧ್ಯೆ ಕೌಂಟಿ ಕ್ಲರ್ಕ್ ಹತ್ತಿರ ಒಂದು ದೃಢೀಕರಣ ಮಾಡಿಸಬೇಕು. ಇಲ್ಲಾಂದ್ರೆ ರೆಕಾರ್ಡರ್ ಅಥವಾ ರಾಜ್ಯ ಕಚೇರಿಯ ಪ್ರತಿಯನ್ನೇ ತಗೊಂಡು ಕಳಿಸಬೇಕು.

ಎಲ್ಲಕ್ಕೂ ಅಪಾಸ್ಟಿಲ್ ಬೇಕಾಗೋದಿಲ್ಲ. ಅಮೆರಿಕನ್ ಪಾಸ್‌ಪೋರ್ಟ್‌ಗೆ ಖಂಡಿತ ಬೇಡ. ಓಸಿಐಗೆ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡೋ ಕಾರ್ಡ್) ಅರ್ಜಿ ಹಾಕುವ ದಿನ, ಅರ್ಜಿ ತಗೊಳ್ಳೋ ವಿಎಫ್‌ಎಸ್ ಕಂಪನಿಯ ಚೆಕ್‌ಲಿಸ್ಟ್ ತೆಗೆದು ನೋಡಿ, ಅಲ್ಲಿ ಕೇಳಿದ್ದಷ್ಟೇ ಮಾಡಿ.

ಮೈಸೂರು_ಮಲ್ಲಿಗೆ_ಡಾಲಸ್

ಲ್ಯಾಮಿನೇಷನ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಮ್ಮ ಮಾವನವರು ಮೊಮ್ಮಗಳ ಸರ್ಟಿಫಿಕೇಟ್ ಹಾಳಾಗದಿರಲಿ ಅಂತ ಪ್ರೀತಿಯಿಂದ ಕುವೆಂಪುನಗರದ ಜೆರಾಕ್ಸ್ ಅಂಗಡಿಗೆ ಒಯ್ದು ದಪ್ಪ ಪ್ಲಾಸ್ಟಿಕ್ ಹಾಕಿಸಿ ತಂದರು. ಮುಗೀತು ಕಥೆ. ಆ ಕಾಗದ ನೋಟಿನ ಥರದ್ದು, ಅಂಚಿನ ಗೆರೆ, ಉಬ್ಬು ಸೀಲ್ ಬೆರಳಿಗೆ ತಾಗಬೇಕು. ಪ್ಲಾಸ್ಟಿಕ್ ಒಳಗೆ ಹೋದ ಮೇಲೆ ಅಸಲಿಯೋ ಕಲರ್ ಜೆರಾಕ್ಸೋ ಯಾರಿಗೆ ಗೊತ್ತಾಗುತ್ತೆ? ಅಪಾಸ್ಟಿಲ್ ಮಾಡೋರಂತೂ ಅದನ್ನು ಮುಟ್ಟೋದಿಲ್ಲ.

ಟೆಕ್ಸಸ್‌ನವರಿಗೆ ಒಂದು ಮಾತು. ಇಲ್ಲಿ ಶಾರ್ಟ್ ಫಾರ್ಮ್ (ಚಿಕ್ಕ ಪ್ರತಿ), ಲಾಂಗ್ ಫಾರ್ಮ್ (ಪೂರ್ತಿ ವಿವರದ ಪ್ರತಿ) ಅಂತ ಎರಡಿದೆ. ಶಾರ್ಟ್ ಫಾರ್ಮ್ ಅನ್ನು ಬಹಳ ಕಡೆಯ ಲೋಕಲ್ ಕಚೇರಿಗಳು ರಾಜ್ಯದ ಕಂಪ್ಯೂಟರ್‌ನಿಂದ ತೆಗೆದು ಆಗಲೇ ಕೊಡ್ತವೆ. ಹುಟ್ಟಿದ್ದು ಹ್ಯೂಸ್ಟನ್ ಆದರೂ ಡಾಲಸ್‌ನಲ್ಲಿ ತಗೋಬಹುದು. ಲಾಂಗ್ ಫಾರ್ಮ್ ಬೇಕಾದರೆ ರಾಜಧಾನಿ ಆಸ್ಟಿನ್‌ಗೆ ಬರೆಯಬೇಕು, ಇಲ್ಲಾ ಹುಟ್ಟಿದ ಊರಿನ ಕಚೇರಿಗೇ ಹೋಗಬೇಕು. ನಾನಂತೂ ಯಾರೇ ಕೇಳಿದರೂ ಲಾಂಗ್ ಫಾರ್ಮ್ ತಗೊಳ್ಳಿ ಅಂತೀನಿ. 2011ರ ಏಪ್ರಿಲ್ 1ರಿಂದ ತಂದೆ ತಾಯಿಯ ಪೂರ್ತಿ ಹೆಸರಿಲ್ಲದ ಸರ್ಟಿಫಿಕೇಟನ್ನು ಅಮೆರಿಕನ್ ಪಾಸ್‌ಪೋರ್ಟ್‌ಗೆ ಒಪ್ಪೋದಿಲ್ಲ. ಚಿಕ್ಕ ಪ್ರತಿ ಒಂದು ಕಡೆ ನಡೆದರೆ ಇನ್ನೊಂದು ಕಡೆ ನಡೆಯೋಲ್ಲ.

ಫ್ರೀಮಾಂಟ್_ಅಮ್ಮ

ನನ್ನ ಪ್ರಕಾರ ಜಾಸ್ತಿ ಜನ ಒದ್ದಾಡೋದು ಹೆಸರಿನ ವಿಷಯದಲ್ಲಿ, ಕಚೇರಿ ವಿಷಯದಲ್ಲಲ್ಲ. ನಮ್ಮವರಿಗೆ ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ನಾಮಕರಣ, ಊರಿಂದ ಜೋಯಿಸರು ನಕ್ಷತ್ರ ನೋಡಿ ಅಕ್ಷರ ಹೇಳಬೇಕು. ಆಸ್ಪತ್ರೆಯಲ್ಲಿ ಎರಡನೇ ದಿನವೇ ಒಬ್ಬರು ಕ್ಲಿಪ್‌ಬೋರ್ಡ್ ಹಿಡ್ಕೊಂಡು ಬಂದು ನಿಲ್ತಾರೆ. ಬಾಣಂತಿ ಕಣ್ಣು ಬಿಡೋಕೂ ಆಗದ ಸ್ಥಿತಿ. ಆಗ ತುಂಬಿದ ಫಾರಂ ಮೇಲೆಯೇ ಬರ್ತ್ ಸರ್ಟಿಫಿಕೇಟ್, ಅದರಲ್ಲೇ ಒಂದು ಟಿಕ್ ಹಾಕಿದರೆ ಸೋಷಿಯಲ್ ಸೆಕ್ಯುರಿಟಿ ಕಾರ್ಡ್. ದಯವಿಟ್ಟು ಎಂಟನೇ ತಿಂಗಳಲ್ಲೇ ಹೆಸರು ನಿರ್ಧಾರ ಮಾಡಿ ಬರೆದಿಟ್ಕೊಳ್ಳಿ. ತೊಟ್ಟಿಲಿಗೆ ಹಾಕುವಾಗ ಕಿವಿಯಲ್ಲಿ ಬೇರೆ ಹೆಸರು ಹೇಳಿದರೂ ಏನೂ ತೊಂದರೆ ಇಲ್ಲ, ಹೇಗಿದ್ರೂ ನಮ್ಮಲ್ಲಿ ಮಗುವಿಗೆ ನಾಲ್ಕೈದು ಹೆಸರು ಇಡ್ತಾರೆ.

ಅಪ್ಪ ಅಮ್ಮನ ಹೆಸರು ಇನ್ನೂ ದೊಡ್ಡ ತಲೆನೋವು. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ವೀಸಾದಲ್ಲಿ ಅದು ಸರ್‌ನೇಮ್ ಆಗಿ, ಮುಂದೆ 'ಎಫ್‌ಎನ್‌ಯು' ಅಂತ ಬರುತ್ತೆ. ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಅದನ್ನೇ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಹಾಕ್ತಾರೆ, ಲೈಸೆನ್ಸ್ ನೋಡಿ ಆಸ್ಪತ್ರೆಯವರು ಮಗುವಿನ ಫಾರಂನಲ್ಲಿ ಅಪ್ಪನ ಹೆಸರು 'ಎಫ್‌ಎನ್‌ಯು ಮಂಜುನಾಥ' ಅಂತ ಬರೀತಾರೆ! ಆಮೇಲೆ ಓಸಿಐ ಹೊತ್ತಿಗೆ ಈ ಎಫ್‌ಎನ್‌ಯು ಯಾರಪ್ಪಾ ಅಂತ ಪ್ರಶ್ನೆ. ಇನಿಷಿಯಲ್ ಕಥೆಯೂ ಇದೇ. ಪಾಸ್‌ಪೋರ್ಟ್‌ನಲ್ಲಿ ಅಕ್ಷರಕ್ಕೆ ಅಕ್ಷರ ಹೇಗಿದೆಯೋ ಹಾಗೇ ಬರೆಸಿ. ತಾಯಿಯದು ಹುಟ್ಟಿದಾಗಿನ ಹೆಸರು ಕೇಳ್ತಾರೆ, ಮದುವೆಯಾದ ಮೇಲಿನದಲ್ಲ.

ವೈಟ್‌ಫೀಲ್ಡ್_ಅಪ್ಪ

ಅಯ್ಯೋ, ಜೆರಾಕ್ಸ್ ತೆಗೆದು ನೋಡಿದೆ. ಹೆಂಡತಿಯ ಹೆಸರಲ್ಲಿ ಒಂದು 'ಎಚ್' ಬಿಟ್ಟುಹೋಗಿದೆ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ತಿದ್ದಿಸಬಹುದಾ?

ಫ್ರೀಮಾಂಟ್_ಅಮ್ಮ

ತಿದ್ದಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ವಿಎಸ್ 24 ಅನ್ನೋ ಅಫಿಡವಿಟ್ ಫಾರಂ ಇದೆ, ಅದು ಸ್ಯಾಕ್ರಮೆಂಟೊಗೆ ಹೋಗುತ್ತೆ, ಕೌಂಟಿಗಲ್ಲ. ವಿಷಯ ಗೊತ್ತಿರುವ ಇಬ್ಬರು ಸಹಿ ಮಾಡಬೇಕು, ಒಬ್ಬರು ತಂದೆ ಅಥವಾ ತಾಯಿ ಆದರೆ ಒಳ್ಳೇದು. ಆದರೆ ಮೂಲ ಹಾಳೆ ಬದಲಾಗೋದಿಲ್ಲ. ತಪ್ಪಿರುವ ಮೊದಲ ಪುಟ ಹಾಗೇ ಉಳಿದು, ತಿದ್ದುಪಡಿ ಎರಡನೇ ಪುಟವಾಗಿ ಸೇರುತ್ತೆ. ಅಲ್ಲಿಂದ ಮುಂದೆ ನಿಮ್ಮ ಮಗನ ಸರ್ಟಿಫಿಕೇಟ್ ಎರಡು ಪುಟದ್ದು. ಫಾರಂನಲ್ಲಿ ಗೀಚಿದರೆ, ವೈಟ್ನರ್ ಹಾಕಿದರೆ ತಗೊಳ್ಳೋದಿಲ್ಲ. ತಿಂಗಳುಗಟ್ಟಲೆ ಹಿಡಿಯಬಹುದು, ಆದ್ದರಿಂದ ಪಾಸ್‌ಪೋರ್ಟ್ ಅವಸರ ಇದ್ದರೆ ಅದನ್ನು ಮೊದಲು ಮುಗಿಸಿ. ಒಂದು 'ಎಚ್'ಗೆ ಚೆನ್ನೈನಲ್ಲಿ ತಲೆ ಕೆಡಿಸಿಕೊಳ್ಳೋದಿಲ್ಲ ಅನ್ನೋದು ನನ್ನ ಅಂದಾಜು.

ಬಸವನಗುಡಿ_ಬಾಯ್

ಹಾಗಾದರೆ ಸಾರ್, ನಿಮ್ಮವರು ಯಾರಾದ್ರೂ ಅಲ್ಲಿ ಇದ್ದಾರಾ? ಸ್ನೇಹಿತ ಬೇಡ, ತಮ್ಮ ಗಿಮ್ಮ?

ವೈಟ್‌ಫೀಲ್ಡ್_ಅಪ್ಪ

ಭಾವಮೈದ ಮಿಲ್ಪಿಟಾಸ್‌ನಲ್ಲಿದ್ದಾನೆ. ಅತ್ತೆಯವರೂ ಈಗ ಅಲ್ಲೇ ಇದ್ದಾರೆ, ಅವನ ಮಗುವಿನ ಬಾಣಂತನಕ್ಕೆ ಅಂತ ಹೋಗಿರೋದು.

ಸೌತ್‌ಬೇ_ಶಾರದಾ

ಇದನ್ನು ಮೊದಲೇ ಹೇಳಬಾರದಿತ್ತಾ ಸಾರ್! ಭಾವಮೈದನಿಗೆ ಕೊಡೋದಿಲ್ಲ. ಮಗುವಿನ ಸೋದರಮಾವ, ಚಿಕ್ಕಪ್ಪ, ಸೋದರತ್ತೆ, ಚಿಕ್ಕಮ್ಮ ಯಾರೂ ಆಥರೈಸ್ಡ್ ಪ್ರತಿ ಪಡೆಯಬಹುದಾದವರ ಪಟ್ಟಿಯಲ್ಲಿ ಇಲ್ಲ. ನಮ್ಮ ಕಡೆ ಸೋದರಮಾವನಿಗೆ ಎಷ್ಟು ಅಧಿಕಾರ, ಕ್ಯಾಲಿಫೋರ್ನಿಯಾ ಕಾನೂನಿಗೆ ಅದು ಗೊತ್ತಿಲ್ಲ. ಆದರೆ ಅಜ್ಜಿ ಇದ್ದಾರೆ! ತಂದೆ ತಾಯಿ, ಅಜ್ಜ ಅಜ್ಜಿ, ಒಡಹುಟ್ಟಿದವರು, ಗಂಡ ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಇವರಿಗೆ ಆಥರೈಸ್ಡ್ ಪ್ರತಿ ಕೊಡಬಹುದು. ತಾಯಿಯ ತಾಯಿ ಆದರೂ ಸರಿ, ತಂದೆಯ ತಾಯಿ ಆದರೂ ಸರಿ.

ಖುದ್ದಾಗಿ ಹೋದರೆ ನೋಟರಿಯೂ ಬೇಡ. ಕೌಂಟರ್‌ನಲ್ಲೇ ಫಾರಂಗೆ ಸಹಿ ಹಾಕಿದರೆ ಆಯ್ತು. ಪಾಸ್‌ಪೋರ್ಟ್ ಒಯ್ಯಲಿ. ಮೊಮ್ಮಗನ ಪೂರ್ತಿ ಹೆಸರು, ಹುಟ್ಟಿದ ತಾರೀಕು, ಊರು, ತಂದೆ ತಾಯಿ ಹೆಸರು ಆ ಜೆರಾಕ್ಸ್‌ನಲ್ಲಿ ಇದ್ದಂತೆ, ಆ 'ಎಚ್' ಇಲ್ಲದೆಯೇ, ಒಂದು ಚೀಟಿಯಲ್ಲಿ ಬರೆದು ಕೊಡಿ. ಒಂದು ಪ್ರತಿಗೆ ಮೂವತ್ತು ಡಾಲರ್ ಆಸುಪಾಸು ಇರುತ್ತೆ.

ಸಾಗರದ_ಭಟ್ಟ

ವಿಷಯಾಂತರ ಆದರೆ ಕ್ಷಮಿಸಿ. ನನ್ನದು ಉಲ್ಟಾ ಸಮಸ್ಯೆ. ನಾನೇ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಬೇಕು, ಹುಟ್ಟಿದ್ದು 1974, ಸಾಗರ ತಾಲ್ಲೂಕಿನ ಹಳ್ಳಿ. ಸರ್ಟಿಫಿಕೇಟ್‌ನಲ್ಲಿ ಹೆಸರಿನ ಜಾಗದಲ್ಲಿ ಬರೀ 'ಗಂಡು' ಅಂತಿದೆ.

ಕಾಗದಪತ್ರ

ಭಟ್ಟರೇ, ಆ ಕಾಲದ ಅರ್ಧ ಕರ್ನಾಟಕ ಹಾಗೇ ದಾಖಲಾಗಿದೆ. ನಾಮಕರಣಕ್ಕೆ ಮೊದಲೇ ನೋಂದಣಿ, ಆಮೇಲೆ ಹೆಸರು ಸೇರಿಸಲು ಯಾರೂ ಹೋಗಲಿಲ್ಲ. ನಮ್ಮ ಜನನ ಮರಣ ನೋಂದಣಿ ಕಾಯ್ದೆ 1969ರದ್ದು, ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಂದು. ಅದಕ್ಕಿಂತ ಮುಂಚೆ ಹುಟ್ಟಿದವರ ಬಗ್ಗೆ ಅಮೆರಿಕದವರು ಸ್ವಲ್ಪ ಸಡಿಲ. ನೀವು 74, ಹಾಗಾಗಿ ಆ ಸಡಿಲ ನಿಮಗೆ ಇಲ್ಲ. ಇರುವ ಸರ್ಟಿಫಿಕೇಟ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ನೀವು ಹುಟ್ಟಿದ್ದನ್ನು ಕಂಡ ಇಬ್ಬರು ಹಿರಿಯರ ಅಫಿಡವಿಟ್, ಇವನ್ನು ಜೊತೆಗೆ ಕೊಡೋದು ವಾಡಿಕೆ. ವಕೀಲರನ್ನು ಕೇಳಿ. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ವಿವರವಾಗಿ ಬರೀತೀನಿ.

ಹಾಸನ_ಹುಡುಗಿ

ಅಂದಹಾಗೆ, ಅಷ್ಟು ದೊಡ್ಡ ದೇಶ, ಒಂದೇ ಕಡೆ ಕಂಪ್ಯೂಟರ್‌ನಲ್ಲಿ ಇಡೋಕೆ ಆಗಲ್ವಾ?

ಕಾಗದಪತ್ರ

ಕೇಂದ್ರ ಸರ್ಕಾರ ಅಲ್ಲಿ ಬರ್ತ್ ಸರ್ಟಿಫಿಕೇಟ್ ಕೊಡೋದೇ ಇಲ್ಲ. 50 ರಾಜ್ಯ, ವಾಷಿಂಗ್ಟನ್ ಡಿಸಿ, ನ್ಯೂಯಾರ್ಕ್ ಸಿಟಿ, ಐದು ದ್ವೀಪ ಪ್ರದೇಶ, ಒಟ್ಟು 57 ಕಡೆ 57 ಪದ್ಧತಿ. ಫ್ಲೋರಿಡಾದಲ್ಲಿ ಯಾವ ಕೌಂಟಿ ಆರೋಗ್ಯ ಇಲಾಖೆಗೆ ಹೋದರೂ ರಾಜ್ಯದ ಯಾವ ಊರಿನದ್ದೂ ಸಿಗುತ್ತೆ. ವರ್ಜೀನಿಯಾದಲ್ಲಿ ಡ್ರೈವಿಂಗ್ ಲೈಸೆನ್ಸ್ ಕೊಡೋ ಡಿಎಂವಿಯಲ್ಲೇ ಕೊಡ್ತಾರೆ. ಶಿಕಾಗೊ ಕಡೆ ಕೌಂಟಿ ಕ್ಲರ್ಕ್. ಅಲ್ಲೂ ನೇಪರ್‌ವಿಲ್‌ನಂಥ ಊರು ಡುಪೇಜ್, ವಿಲ್ ಎರಡೂ ಕೌಂಟಿಯಲ್ಲಿ ಹರಡಿಕೊಂಡಿದೆ, ಆಸ್ಪತ್ರೆ ಯಾವ ಕಡೆ ಅಂತ ನೋಡಬೇಕು. ಇನ್ನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1906ರ ಭೂಕಂಪದ ಬೆಂಕಿಗೆ ಹಳೆಯ ದಾಖಲೆ ಬಹುಪಾಲು ಸುಟ್ಟುಹೋಯ್ತು. ಅಲ್ಲಿ ಅದಕ್ಕಿಂತ ಹಿಂದೆ ಹುಟ್ಟಿದವರ ವಂಶ ಹುಡುಕೋರು ಚರ್ಚ್ ಪುಸ್ತಕ ತಿರುವಿಹಾಕ್ತಾರೆ.

ವೈಟ್‌ಫೀಲ್ಡ್_ಅಪ್ಪ

ಸಿಕ್ಕಿತು! ಅತ್ತೆಯವರು ಭಾವಮೈದನ ಜೊತೆ ಹೋಗಿ ತಂದಿದ್ದಾರೆ. ಫಾರಂನಲ್ಲಿ ಅಜ್ಜಿ ಅನ್ನೋ ಚೌಕಕ್ಕೆ ಟಿಕ್ ಹಾಕಿ, ಕೆಳಗೆ ಕನ್ನಡದಲ್ಲೇ ಸಹಿ ಮಾಡಿದರಂತೆ. ಅವರಿಗೆ ಬೇರೆ ಸಹಿ ಬರೋದೂ ಇಲ್ಲ. ಕ್ಲರ್ಕ್ ಪಾಸ್‌ಪೋರ್ಟ್ ತಿರುಗಿಸಿ, ಅಲ್ಲಿಯ ಕನ್ನಡ ಸಹಿ ಪಕ್ಕ ಇಟ್ಟು ನೋಡಿ, ಅಲ್ಲೇ ಪ್ರಿಂಟ್ ತೆಗೆದು ಕೊಟ್ಟರಂತೆ. ಎರಡು ಪ್ರತಿ ತಗೊಂಡಿದ್ದಾರೆ. ಒಂದನ್ನು ಕೊರಿಯರ್ ಮಾಡ್ತಾರೆ, ಇನ್ನೊಂದು ಅತ್ತೆಯವರ ಜೊತೆಗೇ ಬರುತ್ತೆ. ಮಾವನವರಿಗೆ ಲ್ಯಾಮಿನೇಷನ್ ವಿಷಯ ಈಗಲೇ ಹೇಳಿಟ್ಟಿದ್ದೀನಿ.

ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಸಿಯಾಟಲ್_ಸುಮಾ

ಇದನ್ನೆಲ್ಲ ಓದಿ ಈಗ ನನಗೆ ಭಯ. ಮುಂದಿನ ತಿಂಗಳು ಡೆಲಿವರಿ. ನಮಗೆ ಏನು ಸಲಹೆ? ಎಷ್ಟು ಪ್ರತಿ ತಗೊಂಡಿರಬೇಕು?

ಸೌತ್‌ಬೇ_ಶಾರದಾ

ಭಯ ಬೇಡ ಸುಮಾ, ವಾಷಿಂಗ್ಟನ್ ರಾಜ್ಯ ಸುಲಭ. ಅಲ್ಲಿ ಯಾವ ಕೌಂಟಿ ಆರೋಗ್ಯ ಕಚೇರಿಗೆ ಹೋದರೂ ಕೊಡ್ತಾರೆ. 2021ರಿಂದ ಸ್ವಲ್ಪ ಬಿಗಿ ಮಾಡಿದ್ದಾರೆ, ಐಡಿ ಮತ್ತು ಸಂಬಂಧಕ್ಕೆ ದಾಖಲೆ ಕೇಳ್ತಾರೆ. ಮೂರು ಪ್ರತಿ ತಗೋ. ಪಾಸ್‌ಪೋರ್ಟ್ ಅರ್ಜಿ ಜೊತೆ ಒಂದು ಹೋಗುತ್ತೆ, ಅದು ಪಾಸ್‌ಪೋರ್ಟ್‌ಗಿಂತ ಬೇರೆ ಲಕೋಟೆಯಲ್ಲಿ ವಾಪಸ್ ಬರುತ್ತೆ, ಕಳೆದುಹೋಯ್ತು ಅಂತ ಗಾಬರಿಯಾಗಬೇಡ. ಒಂದು ಓಸಿಐ ಕೆಲಸಕ್ಕೆ. ಒಂದು ಮುಟ್ಟದೆ ಇಡು. ಹೆಸರು ನಿರ್ಧಾರ ಆಗಿದೆಯಾ?

ಸಿಯಾಟಲ್_ಸುಮಾ

ಇಲ್ಲ ಅಕ್ಕ, ಅತ್ತೆಗೂ ಅಮ್ಮನಿಗೂ ಇನ್ನೂ ಮಾತುಕತೆ ನಡೀತಿದೆ.

ಫ್ರೀಮಾಂಟ್_ಅಮ್ಮ

ಇಬ್ಬರನ್ನೂ ಒಂದೇ ವಾಟ್ಸಾಪ್ ಕಾಲ್‌ಗೆ ಹಾಕಿ ಇವತ್ತೇ ಮುಗಿಸಿ. ಕ್ಲಿಪ್‌ಬೋರ್ಡ್‌ನವರು ಕಾಯೋದಿಲ್ಲ.